ಅಕ್ಕಿಗೆಂದು ಒತ್ತಿದ ಹೆಬ್ಬೆಟ್ಟು

ಸಿದ್ಧಾರ್ಥನಗರದ ಕಚೇರಿಗಳಲ್ಲಿ ಕೂತಿರುವ ಅಧಿಕಾರಿಗಳೇ, ನೌಕರ ಬಂಧುಗಳೇ, ಈ ಮಾತು ನಿಮಗೆ. ಮೈಸೂರು ಜಿಲ್ಲೆಯ ಆಡಳಿತ ಹಳೆಯ ಪಾರಂಪರಿಕ ಕಟ್ಟಡ ಬಿಟ್ಟು ನಿಮ್ಮ ಬಡಾವಣೆಯ ಹೊಸ ಸಂಕೀರ್ಣಕ್ಕೆ ಬಂದಿದೆ. ಅದೇ ಬಡಾವಣೆಯ ವಿನಯ ಮಾರ್ಗದಲ್ಲಿ ಕೇಂದ್ರ ಜಿಎಸ್‌ಟಿಯವರ ಕಚೇರಿ. ಲಲಿತಮಹಲ್ ರಸ್ತೆಗೆ ಹೊರಳಿದರೆ ಇಡೀ ರಾಜ್ಯದ ಅಧಿಕಾರಿಗಳಿಗೆ ಕೆಲಸ ಕಲಿಸುವ ಆಡಳಿತ ತರಬೇತಿ ಸಂಸ್ಥೆ. ಎಚ್.ಡಿ. ಕೋಟೆಯ ಹಾಡಿಯವರಿಂದ ಹಿಡಿದು ಗೋಕುಲಂನ ಫ್ಲ್ಯಾಟಿನವರ ತನಕ, ಜಿಲ್ಲೆಯ ಜನರ ಜಾತಿ, ಆದಾಯ, ಜಮೀನು, ಪಡಿತರ, ಪಿಂಚಣಿ, ತೆರಿಗೆಯ ವಿವರ ಒಂದಲ್ಲ ಒಂದು ದಾರಿ ಹಿಡಿದು ನಿಮ್ಮ ಮೇಜಿನ ಮೇಲಿನ ಪರದೆಗೆ ಬರುತ್ತದೆ. ಒಂದು ಇಲಾಖೆಗೆ ಕೊಟ್ಟ ವಿವರ ಇನ್ನೊಂದು ಇಲಾಖೆಗೆ ಹೋಗುವುದು ಈಗ ದಿನನಿತ್ಯದ ಸಂಗತಿ. ಹೋಗಲಿ. ಆದರೆ ಯಾವ ಕಾನೂನಿನಡಿ ಹೋಯಿತು, ಯಾರಿಗೆ ಹೋಯಿತು, ಏತಕ್ಕೆ ಹೋಯಿತು ಎಂದು ಆ ವಿವರದ ಒಡೆಯನಿಗೆ ಹೇಳುವವರು ಯಾರು?

2023ರ ಆಗಸ್ಟ್ 30ರಂದು ಇದೇ ಊರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತು. ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ನಮೂದಾದ ಹೆಣ್ಣುಮಗಳಿಗೆ ತಿಂಗಳಿಗೆ 2,000 ರೂಪಾಯಿ. ಆಕೆಯಾಗಲಿ ಆಕೆಯ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರು, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರು ಆಗಿರಬಾರದು ಎಂಬುದು ಷರತ್ತು. ಷರತ್ತಿನ ಬಗ್ಗೆ ನನ್ನ ತಕರಾರಿಲ್ಲ. ಇರುವವರ ಮನೆಗೆ ಹೋಗಬೇಕಾದ ಹಣ ಅದಲ್ಲ. ಆದರೆ ಷರತ್ತನ್ನು ಪರೀಕ್ಷಿಸುವುದಕ್ಕೆ ತೆರಿಗೆ ಇಲಾಖೆಗಳ ಪಟ್ಟಿ ಬೇಕು, ಪಟ್ಟಿಯ ಜೊತೆಗೆ ರೇಷನ್ ಕಾರ್ಡ್ ತಾಳೆಯಾಗಬೇಕು. ತಾಳೆ ನೋಡುವುದು ಯಂತ್ರ. ಸಾಲಕ್ಕೆ ಬ್ಯಾಂಕು ಕೇಳಿತು ಎಂದು ಎಂದೋ ಒಂದು ವರ್ಷ ಐಟಿ ರಿಟರ್ನ್ಸ್ ಸಲ್ಲಿಸಿ, ಒಂದು ಪೈಸೆ ತೆರಿಗೆಯೂ ಬೀಳದವನಿಗೂ, ನಿಜವಾಗಿ ತೆರಿಗೆ ಕಟ್ಟುವವನಿಗೂ ಇರುವ ವ್ಯತ್ಯಾಸ ಆ ಯಂತ್ರಕ್ಕೆ ಹೇಳಿಕೊಟ್ಟಷ್ಟೇ ಗೊತ್ತು. ಅಂಗಡಿ ಇಟ್ಟು, ಜಿಎಸ್‌ಟಿ ನೋಂದಣಿ ಮಾಡಿಸಿ, ಕೋವಿಡ್‌ನಲ್ಲಿ ಬಾಗಿಲು ಹಾಕಿ ಕೂಲಿಗೆ ಹೋಗುತ್ತಿರುವವನ ಕಥೆಯೂ ಅದಕ್ಕೆ ತಿಳಿಯದು. ಐಟಿ, ಜಿಎಸ್‌ಟಿ ಎಂಬ ಎರಡು ಪದದ ಕಾರಣಕ್ಕೆ ಹಣ ನಿಂತ ಹೆಣ್ಣುಮಕ್ಕಳು ರಾಜ್ಯದ ಎಷ್ಟೋ ಕಡೆ ಇದ್ದಾರೆ.

ಕೌಂಟರಿನಲ್ಲಿ ನಡೆಯುವ ಮಾತು ನಿಮಗೆ ಚೆನ್ನಾಗಿ ಗೊತ್ತು.

“ನಿಮ್ ಯಜಮಾನ್ರು ಜಿಎಸ್‌ಟಿ ಕಟ್ತಾರಂತಲ್ಲಮ್ಮ. ಸಿಸ್ಟಂನಲ್ಲಿ ಹಂಗೇ ತೋರಿಸ್ತಿದೆ.”

“ಅವರು ಗಾರೆ ಕೆಲಸ ಮಾಡೋರು ಸಾರ್. ಯಾರು ಹೇಳಿದ್ದು ಹಂಗಂತ?”

“ಮೇಲಿಂದ ಬಂದಿದೆ ಅಮ್ಮ. ನಮ್ ಕೈಲಿ ಏನೂ ಇಲ್ಲ.”

ಆಕೆ ಸಿಡಿಪಿಒ ಕಚೇರಿಯಿಂದ ಆಹಾರ ಇಲಾಖೆಗೆ, ಅಲ್ಲಿಂದ ತೆರಿಗೆ ಕಚೇರಿಗೆ, ಅಲ್ಲಿಂದ ‘ಆಡಿಟರ್ ಹತ್ತಿರ ಬರೆಸಿಕೊಂಡು ಬನ್ನಿ’ ಎಂಬ ಮಾತಿಗೆ ಅಲೆಯುತ್ತಾಳೆ. ಒಂದು ದಿನದ ಅಲೆದಾಟಕ್ಕೆ ಒಂದು ದಿನದ ಕೂಲಿ ಹೋಗುತ್ತದೆ. ಅವಳ ಗಂಡನ ಬಗೆಗಿನ ಒಂದು ಸಾಲು ಮಾಹಿತಿ ಒಂದು ಸರ್ವರಿನಿಂದ ಇನ್ನೊಂದಕ್ಕೆ ಕಣ್ಣು ಮುಚ್ಚಿ ಬಿಡುವುದರೊಳಗೆ ಬಂತು. ಆ ಸಾಲು ತಪ್ಪು ಎಂದು ಸಾಬೀತುಮಾಡುವ ಭಾರ ಮಾತ್ರ ಬಸ್ಸು ಹತ್ತಿ ಬಂದ ಅವಳ ತಲೆಯ ಮೇಲೆ. ಇದು ಅನ್ಯಾಯ. ‘ಮೇಲಿಂದ ಬಂದಿದೆ’ ಎಂಬ ಮಾತು ಈ ಅನ್ಯಾಯದ ಬಾಗಿಲಿಗೆ ಹಾಕಿದ ಬೀಗ.

ಹಾಗೆಂದು ಇಲಾಖೆಗಳು ತಂತಮ್ಮ ಕಡತ ಅಪ್ಪಿಕೊಂಡು ಕೂರಲಿ ಎಂದು ನಾನು ಹೇಳುತ್ತಿಲ್ಲ. ಆ ಕಾಲವನ್ನೂ ನಾವು ಕಂಡಿದ್ದೇವೆ. ಸರ್ಕಾರವೇ ಕೊಟ್ಟ ಜಾತಿ ಪ್ರಮಾಣಪತ್ರವನ್ನು ಸರ್ಕಾರಕ್ಕೇ ತೋರಿಸಲು ಮೂರು ಪ್ರತಿ ಝೆರಾಕ್ಸ್, ಅದಕ್ಕೆ ಗೆಜೆಟೆಡ್ ಅಧಿಕಾರಿಯ ಸಹಿ. ಪಹಣಿಗಾಗಿ ಶಾನುಭೋಗರ ಕಾಲದಿಂದಲೂ ಕೈಬಿಸಿ. ವೃದ್ಧಾಪ್ಯ ವೇತನಕ್ಕೆ ವಯಸ್ಸಿನ ದಾಖಲೆ ಇಲ್ಲ ಎಂದು ಮುದುಕಿಯನ್ನು ಆರು ತಿಂಗಳು ಓಡಾಡಿಸುವುದು. 2000ದ ಹೊತ್ತಿಗೆ ‘ಭೂಮಿ’ ಬಂದು ಪಹಣಿ ಗಣಕದೊಳಗೆ ಹೋಯಿತು. ಈಗ ಎಸ್‌ಎಸ್‌ಪಿಯಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಹುಡುಗಿ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೊಟ್ಟರೆ ಸಾಕು, ನಾಡಕಚೇರಿಯ ದಾಖಲೆಯೇ ಬಂದು ಸಾಕ್ಷಿ ಹೇಳುತ್ತದೆ. ರೈತರ ವಿವರವಿರುವ ‘ಫ್ರೂಟ್ಸ್’ ತಂತ್ರಾಂಶದಲ್ಲಿ ರೈತನಿಗೊಂದು ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಇದೆ, ಬರ ಪರಿಹಾರ ಕೊಡುವಾಗ ಕಂದಾಯ ಇಲಾಖೆ ಅವನ ಜಮೀನಿನ ವಿವರವನ್ನು ಅಲ್ಲಿಂದಲೇ ತೆಗೆದುಕೊಂಡು ಹಣವನ್ನು ನೇರವಾಗಿ ಖಾತೆಗೆ ಹಾಕಿದೆ, ನಡುವೆ ಕಮಿಷನ್ ಕೀಳುವವನಿಗೆ ಜಾಗವಿಲ್ಲದಂತೆ. ಮನೆಮನೆಯ ವಿವರವನ್ನು ಒಂದೆಡೆ ಕೂಡಿಸಿಟ್ಟ ‘ಕುಟುಂಬ’ ದತ್ತಾಂಶದ ನೆರವಿನಿಂದ, ಒಂದು ಫೋನ್ ಕರೆಗೆ ಪಿಂಚಣಿ ಮಂಜೂರು ಮಾಡುವ ಕೆಲಸವೂ ಈ ರಾಜ್ಯದಲ್ಲಿ ನಡೆದಿದೆ. ಇವೆಲ್ಲ ಇಲಾಖೆಗಳು ಮಾಹಿತಿ ಹಂಚಿಕೊಂಡದ್ದರಿಂದಲೇ ಆದದ್ದು. ಬಡವನ ಚಪ್ಪಲಿ ಸವೆಯುವುದು ಕಡಿಮೆಯಾಗುವ ಯಾವ ಏರ್ಪಾಡನ್ನೂ ನಾನು ಎರಡು ಕೈ ಮುಗಿದು ಸ್ವಾಗತಿಸುತ್ತೇನೆ.

ನನ್ನ ಸಂಕಟ ಬೇರೆ ಕಡೆ ಇದೆ. ಕೊಡುವುದಕ್ಕಾಗಿ ಕೂಡಿಸಿದ ಮಾಹಿತಿ ಕಿತ್ತುಕೊಳ್ಳುವುದಕ್ಕೂ ಅಷ್ಟೇ ಸಲೀಸಾಗಿ ಒದಗುತ್ತದೆ. ಕೊಡುವಾಗ ತಪ್ಪಾದರೆ ಸರ್ಕಾರಕ್ಕೆ ಒಂದಿಷ್ಟು ನಷ್ಟ. ಕಿತ್ತುಕೊಳ್ಳುವಾಗ ತಪ್ಪಾದರೆ ಒಂದು ಮನೆಯ ಒಲೆ ಹತ್ತುವುದಿಲ್ಲ. ಈ ಎರಡು ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವ ಆಡಳಿತ ತನ್ನ ಜನರ ಮುಖವನ್ನೇ ಮರೆತಿದೆ.

2024ರ ನವೆಂಬರ್ ನೆನಪಿಸಿಕೊಳ್ಳಿ. ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಿದವರು, ತೆರಿಗೆ ಕಟ್ಟುವವರು ಎಂದು ದತ್ತಾಂಶ ತಾಳೆ ನೋಡಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳನ್ನು ರದ್ದು ಮಾಡಲು, ಎಪಿಎಲ್‌ಗೆ ಬದಲಿಸಲು ಶುರುವಾಯಿತು. ಜನಕ್ಕೆ ಸುದ್ದಿ ತಿಳಿದದ್ದು ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದ ಮೇಲೆ: ‘ನಿಮಗೆ ಈ ತಿಂಗಳು ಅಕ್ಕಿ ಇಲ್ಲ’. ಬಿಪಿಎಲ್ ಕಾರ್ಡು ಬರೀ ಅಕ್ಕಿಯ ಚೀಟಿಯಲ್ಲ, ಆಸ್ಪತ್ರೆಯಲ್ಲಿ ಚಿಕಿತ್ಸೆಯ ರಿಯಾಯಿತಿಗೂ ಅದೇ ಆಧಾರ. ಊರೂರಿನಲ್ಲಿ ಕೂಗೆದ್ದಿತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿಸಿ ಎಂದು ಸೂಚಿಸಬೇಕಾಯಿತು. ಸರ್ಕಾರ ತಿದ್ದಿಕೊಂಡದ್ದು ಒಳ್ಳೆಯದೇ. ಆದರೆ ಮೊದಲು ಕತ್ತರಿಸಿ ಆಮೇಲೆ ವಿಚಾರಿಸುವ ಈ ಕ್ರಮ ಎಲ್ಲಿಂದ ಬಂತು? ಒಂದು ಮನೆಯ ಕಾಂಪೌಂಡ್ ಒಡೆಯಬೇಕಾದರೂ ಪಾಲಿಕೆ ಮೊದಲು ನೋಟಿಸ್ ಕೊಡಬೇಕು. ಒಬ್ಬ ಗುಮಾಸ್ತನನ್ನು ಅಮಾನತಿನಲ್ಲಿಟ್ಟರೂ ಅವನಿಗೆ ಆದೇಶದ ಪ್ರತಿ ಸಿಗುತ್ತದೆ. ಊಟ ನಿಲ್ಲಿಸುವಾಗ ಒಂದು ಪತ್ರವೂ ಬೇಡವೇ?

ಪಕ್ಕದ ತೆಲಂಗಾಣದಲ್ಲಿ ಹೀಗೆ ರದ್ದಾದ ಸುಮಾರು 19 ಲಕ್ಷ ರೇಷನ್ ಕಾರ್ಡುಗಳನ್ನು ಮನೆಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಎಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ದೂರದ ಆಸ್ಟ್ರೇಲಿಯಾದಲ್ಲಿ ‘ರೋಬೋಡೆಟ್’ ಎಂಬ ಹೆಸರಿನಲ್ಲಿ ಇನ್ನೂ ಘೋರವಾದದ್ದು ನಡೆಯಿತು. ತೆರಿಗೆ ಕಚೇರಿಯಲ್ಲಿದ್ದ ವಾರ್ಷಿಕ ಆದಾಯದ ಅಂಕಿಯನ್ನು ನೆರವು ಕೊಡುವ ಇಲಾಖೆ ತರಿಸಿಕೊಂಡಿತು. ಅದನ್ನು ವರ್ಷದುದ್ದಕ್ಕೂ ಸಮನಾಗಿ ಹಂಚಿ, ನೀವು ಹೆಚ್ಚು ಹಣ ಪಡೆದಿದ್ದೀರಿ, ವಾಪಸ್ ಕಟ್ಟಿ ಎಂದು ಲಕ್ಷಾಂತರ ಜನರಿಗೆ ನೋಟಿಸ್ ಕಳಿಸಿತು. ಮೂರು ತಿಂಗಳು ದುಡಿದು ಒಂಬತ್ತು ತಿಂಗಳು ಕೆಲಸವಿಲ್ಲದೆ ಕೂತವನಿಗೆ ಈ ಸರಾಸರಿ ಲೆಕ್ಕದಲ್ಲಿ ಹನ್ನೆರಡು ತಿಂಗಳೂ ಆದಾಯವಿತ್ತು. ಜನ ಸಾಲಗಾರರಾದರು, ಕೆಲವರು ಪ್ರಾಣ ಬಿಟ್ಟರು. ಅದು ಕಾನೂನಿಗೆ ವಿರುದ್ಧವಾಗಿತ್ತೆಂದು ಸಾಬೀತಾಗಿ, 2023ರ ಜುಲೈನಲ್ಲಿ ಅದರ ತನಿಖೆಗೆ ನೇಮಿಸಿದ ರಾಯಲ್ ಕಮಿಷನ್ ವರದಿ ಬಂದಾಗ ಹೋದ ಜೀವಗಳು ಮರಳಲಿಲ್ಲ. ಎಲ್ಲ ಸವಲತ್ತೂ ಇರುವ ದೇಶದ ಕಥೆ ಅದು. ನಮ್ಮಲ್ಲಿ ಗಾರೆ ಕೆಲಸದವನ ಆದಾಯ ಯಾವ ತಿಂಗಳು ಎಷ್ಟೆಂದು ಅವನ ಹೆಂಡತಿಗೇ ಹೇಳಲಾಗದು. ಮಳೆ ಬಂದರೆ ಕೆಲಸವಿಲ್ಲ. ಅವನ ಬದುಕನ್ನು ಒಂದು ಕಾಲಂನಲ್ಲಿ ಬರೆದು ಇಲಾಖೆಯಿಂದ ಇಲಾಖೆಗೆ ದಾಟಿಸುವಾಗ ಎಷ್ಟು ಎಚ್ಚರ ಬೇಕು!

ಈ ಎಚ್ಚರವನ್ನು ದೇಶಕ್ಕೆ ಕಲಿಸಿದವರಲ್ಲಿ ಒಬ್ಬರು ನಮ್ಮವರು. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದವರು, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ ನಿವೃತ್ತರಾದವರು. ಮೊಮ್ಮಕ್ಕಳೊಡನೆ ನೆಮ್ಮದಿಯಾಗಿರಬೇಕಾದ 86ನೇ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಗೆ ಕಾನೂನಿನ ಬುಡವೇ ಇಲ್ಲವಲ್ಲ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಸರ್ಕಾರ ಆ ಹಕ್ಕಿನೊಳಗೆ ಕೈಯಿಡಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಕೈಯಿಡುವುದು ಆ ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು. ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿದ ಮೈದಾನಕ್ಕೆ ಹೆಸರು ಕೊಟ್ಟ ಕಾಲೇಜೇ ಈ ಮನುಷ್ಯ ಓದಿದ ಕಾಲೇಜು. ಅವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಮೈಸೂರಿನ ಕಚೇರಿಗಳಿಗೆ ಈ ಹೆಸರು ಬರೀ ಪರೀಕ್ಷೆಗೆ ಬಾಯಿಪಾಠ ಮಾಡುವ ಮೊಕದ್ದಮೆಯ ಹೆಸರಾಗಿ ಉಳಿಯಬಾರದು.

ನಮ್ಮ ಹೈಕೋರ್ಟ್ ಈ ಮಾತನ್ನು ಮತ್ತೆ ಮತ್ತೆ ಹೇಳಿದೆ. ಕೋವಿಡ್ ಕಾಲದಲ್ಲಿ ಕೋಟಿಗಟ್ಟಲೆ ಜನ ಆರೋಗ್ಯ ಸೇತು ಆ್ಯಪಿಗೆ ತಮ್ಮ ಕೆಮ್ಮು, ಜ್ವರ, ಓಡಾಟದ ವಿವರ ಕೊಟ್ಟರು. ಆ ವಿವರವನ್ನು ಬಳಕೆದಾರರ ತಿಳಿದ ಒಪ್ಪಿಗೆಯಿಲ್ಲದೆ ಬೇರೆ ಇಲಾಖೆ, ಸಂಸ್ಥೆಗಳ ಜೊತೆ ಹಂಚಿಕೊಳ್ಳಬಾರದು ಎಂದು 2021ರ ಜನವರಿ 25ರಂದು ಕರ್ನಾಟಕ ಹೈಕೋರ್ಟ್ ಕೇಂದ್ರ ಸರ್ಕಾರವನ್ನೂ ಎನ್‌ಐಸಿಯನ್ನೂ ಮಧ್ಯಂತರ ಆದೇಶದಿಂದ ತಡೆಯಿತು. ಮಹಾಮಾರಿ ಮನೆ ಬಾಗಿಲಲ್ಲಿ ನಿಂತಿದ್ದ ಹೊತ್ತಿನಲ್ಲಿಯೇ ನ್ಯಾಯಾಲಯ ಒಪ್ಪಿಗೆ ಬೇಕು ಎಂದಿತು. 2023ರಲ್ಲಿ, ಬೇರೆಯಾದ ಗಂಡನ ಆಧಾರ್‌ನಲ್ಲಿರುವ ವಿಳಾಸ ಕೇಳಿದ ಹೆಂಡತಿಯ ಪ್ರಕರಣದಲ್ಲಿ, ಮದುವೆಯಾದ ಮಾತ್ರಕ್ಕೆ ಒಬ್ಬರ ಖಾಸಗಿತನ ಇನ್ನೊಬ್ಬರದ್ದಾಗುವುದಿಲ್ಲ, ಆಧಾರ್ ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ ಹೈಕೋರ್ಟಿನ ನ್ಯಾಯಾಧೀಶರ ಆದೇಶ ಬೇಕು, ಅದಕ್ಕೂ ಮೊದಲು ಆ ವ್ಯಕ್ತಿಯ ಅಹವಾಲು ಕೇಳಬೇಕು ಎಂದಿತು. ಹೆಂಡತಿಯ ಜೀವನಾಂಶದ ಕೇಸಿಗೇ ಇಷ್ಟು ಕಟ್ಟುಪಾಡು. ಹಾಗಿದ್ದ ಮೇಲೆ ಫೋನು ಮಾಡಿ ‘ಆ ಸರ್ವೆ ನಂಬರಿನವನ ಪೂರ್ತಿ ವಿವರ ವಾಟ್ಸ್‌ಆ್ಯಪ್ ಮಾಡಿ’ ಎನ್ನುವ ಅಧಿಕಾರ ಯಾರಿಗಾದರೂ ಎಲ್ಲಿಂದ ಬರಬೇಕು?

ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಸಂಗತಿ ಇನ್ನೂ ಹಸಿಯಾಗಿದೆ. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗ ಮನೆಮನೆ ಸಮೀಕ್ಷೆ ಶುರುಮಾಡಿತು. ಮನೆ ಗುರುತಿಸಲು ಬಳಸಿದ್ದು ವಿದ್ಯುತ್ ಮೀಟರಿನ ಆರ್‌ಆರ್ ನಂಬರ್. ಕರೆಂಟ್ ಬಿಲ್ ಕೊಡಲು ಬರುವ ಮೀಟರ್ ರೀಡರ್‌ಗಳೇ ಬಾಗಿಲಿಗೆ ಸ್ಟಿಕರ್ ಅಂಟಿಸಿ ಹೋದರು. ಒಳ್ಳೆಯ ಉದ್ದೇಶದ ಕೆಲಸ ಅದು, ಯಾವ ಮನೆಯೂ ಬಿಟ್ಟುಹೋಗಬಾರದು ಎಂಬ ಕಾಳಜಿಯದ್ದು. ಆದರೆ ಬಾಗಿಲಲ್ಲಿ ಏನಾಯಿತು? ಏತಕ್ಕೆ ಈ ಸ್ಟಿಕರ್ ಎಂದು ಕೇಳಿದ ಗೃಹಿಣಿಗೆ ಉತ್ತರ ಸಿಗದೆಡೆಯೆಲ್ಲ ಸಂಶಯ ಹುಟ್ಟಿತು. ಗೃಹಜ್ಯೋತಿಯ 200 ಯೂನಿಟ್‌ಗಾಗಿ ಎರಡು ವರ್ಷದ ಹಿಂದೆ ಇದೇ ಕರೆಂಟ್ ಖಾತೆಗೆ ಆಧಾರ್ ಜೋಡಿಸಿದ್ದ ಜನರಿಗೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಂತೆ ಕಂಡಿತು. ಸೆಪ್ಟೆಂಬರ್ 25ರಂದು ಹೈಕೋರ್ಟ್ ಸಮೀಕ್ಷೆಗೆ ತಡೆ ಕೊಡಲಿಲ್ಲ. ಆದರೆ ಭಾಗವಹಿಸುವುದು ಜನರ ಇಚ್ಛೆಗೆ ಬಿಟ್ಟದ್ದು, ಅದನ್ನು ಗಣತಿದಾರರು ಮೊದಲೇ ಹೇಳಬೇಕು, ಸಂಗ್ರಹಿಸಿದ ಮಾಹಿತಿ ಆಯೋಗದ ಹೊರಗೆ ಯಾರಿಗೂ ಹೋಗಬಾರದು ಎಂದು ಕಟ್ಟುಮಾಡಿತು. ಆ ಮೂರು ಮಾತನ್ನು ನ್ಯಾಯಾಲಯ ಹೇಳುವ ಮೊದಲೇ ಸಮೀಕ್ಷೆಯವರು ಬಾಗಿಲಲ್ಲಿ ಹೇಳಿದ್ದರೆ ಎಷ್ಟೋ ಸ್ಟಿಕರ್‌ಗಳು ಹರಿಯದೆ ಉಳಿಯುತ್ತಿದ್ದವು. ಹಿಂದುಳಿದವರಿಗಾಗಿ ಮಾಡುವ ಎಣಿಕೆಯ ಮೇಲೆ ಹಿಂದುಳಿದವರಿಗೇ ನಂಬಿಕೆ ಹೋದರೆ ಅದಕ್ಕಿಂತ ದುಃಖ ಯಾವುದಿದೆ?

ಇನ್ನು ಹೊಸ ಕಾಯ್ದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು ಬರಲು 2025ರ ನವೆಂಬರ್ ಆಯಿತು. ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಗಡುವು. ಸಹಾಯಧನ, ಸವಲತ್ತು, ಪ್ರಮಾಣಪತ್ರ, ಪರವಾನಗಿ ಕೊಡುವುದಕ್ಕೆ ಸರ್ಕಾರ ತನ್ನ ಬಳಿ ಈಗಾಗಲೇ ಇರುವ ಮಾಹಿತಿಯನ್ನು ಹೊಸದಾಗಿ ಒಪ್ಪಿಗೆ ಕೇಳದೆ ಬಳಸಲು 7ನೇ ಸೆಕ್ಷನ್ ದಾರಿ ಬಿಡುತ್ತದೆ. ಆದರೆ ನಿಯಮಗಳ ಎರಡನೇ ಅನುಸೂಚಿ ಒಂದು ಲಗಾಮು ಹಾಕಿದೆ: ಬಳಕೆ ಕಾನೂನುಬದ್ಧವಾಗಿರಬೇಕು, ಬೇಕಾದಷ್ಟಕ್ಕೇ ಸೀಮಿತವಾಗಿರಬೇಕು, ಮಾಹಿತಿ ಸರಿಯಾಗಿರುವಂತೆ ನೋಡಿಕೊಳ್ಳಬೇಕು, ಪ್ರಶ್ನೆ ಕೇಳಲು ಯಾರನ್ನು ಸಂಪರ್ಕಿಸಬೇಕೆಂದು ಜನರಿಗೆ ತಿಳಿಸಬೇಕು. 17ನೇ ಸೆಕ್ಷನ್ನಿನಲ್ಲಿ ಸರ್ಕಾರ ತನ್ನ ಸಂಸ್ಥೆಗಳಿಗೆ ಕೊಡಬಹುದಾದ ವಿನಾಯಿತಿ ತೀರಾ ಅಗಲವಾಗಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸರ್ಕಾರದ ಮೇಲೆ ಇಷ್ಟು ಹಗುರ, ಖಾಸಗಿ ಕಂಪನಿಯ ಮೇಲೆ 250 ಕೋಟಿ ರೂಪಾಯಿ ತನಕ ದಂಡ ಎಂಬ ಧೋರಣೆ ನನಗೆ ಒಪ್ಪಿಗೆಯಾಗದು. ಕಂಪನಿಯ ಆ್ಯಪು ಬೇಡವೆಂದರೆ ಅಳಿಸಿಹಾಕಬಹುದು. ನ್ಯಾಯಬೆಲೆ ಅಂಗಡಿಯನ್ನು ಅಳಿಸಿಹಾಕಲು ಆದೀತೆ?

ಕಾಯ್ದೆ ಪೂರ್ತಿ ಜಾರಿಯಾಗುವ ತನಕ ಕೈಕಟ್ಟಿ ಕೂರಬೇಕಿಲ್ಲ. ಮಾಹಿತಿ ಸೋರುವುದು ಹೆಚ್ಚಾಗಿ ಸರ್ವರಿನಿಂದಲ್ಲ, ನಮ್ಮ ಅಭ್ಯಾಸದಿಂದ. ಯಾವುದೇ ಸರ್ಕಾರಿ ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಗೆ ಹೋಗಿ ನೋಡಿ. ಸರಿಯಾಗಿ ಬರದ ಪ್ರತಿಗಳು ಕೌಂಟರಿನ ಕೆಳಗೆ ರಾಶಿ ಬಿದ್ದಿರುತ್ತವೆ. ಅದರಲ್ಲಿ ಆಧಾರ್ ಇದೆ, ಪಾಸ್‌ಬುಕ್ಕಿನ ಮೊದಲ ಪುಟ ಇದೆ, ಅಂಗವಿಕಲರ ಪ್ರಮಾಣಪತ್ರ ಇದೆ. ಹಿಂಬದಿ ಖಾಲಿಯಿದೆ ಎಂದು ಅದರ ಮೇಲೇ ಲೆಕ್ಕ ಬರೆದು ಹರಿದುಕೊಡುತ್ತಾರೆ. ಕಚೇರಿಯೊಳಗೆ ಫಲಾನುಭವಿಗಳ ಪಟ್ಟಿ ಎಕ್ಸೆಲ್ ಶೀಟಾಗಿ ಪೆನ್‌ಡ್ರೈವಿನಲ್ಲಿ, ಅಲ್ಲಿಂದ ಇಲಾಖೆಯ ವಾಟ್ಸ್‌ಆ್ಯಪ್ ಗುಂಪಿಗೆ, ಅಲ್ಲಿಂದ ಯಾರದೋ ಸಂಬಂಧಿಯ ಮೊಬೈಲಿಗೆ. ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರ್ ರಜೆ ಹಾಕಿದರೆ ಅವರ ಲಾಗಿನ್, ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿರುವುದನ್ನು ಕಂಡವರು ಎಷ್ಟೋ ಜನ. 2020ರ ಮಾರ್ಚ್‌ನಲ್ಲಿ ಮನೆಯಲ್ಲೇ ಕ್ವಾರಂಟೈನ್ ಆಗಿದ್ದವರ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರವೇ ಪ್ರಕಟಿಸಿತ್ತು. ಅದು ಮೊಬೈಲಿಂದ ಮೊಬೈಲಿಗೆ ಓಡಿ, ಹಾಲು ಹಾಕುವವರೂ ಆ ಬೀದಿಗೆ ಬರಲು ಹೆದರುವಂತಾಯಿತು. 2023ರಲ್ಲಿ ಬೆಂಗಳೂರಿನಲ್ಲಿ ಬಯಲಾದ ವಂಚನೆಯಲ್ಲಿ, ನೋಂದಣಿಯಾದ ಆಸ್ತಿ ಪತ್ರಗಳ ಪ್ರತಿಯಲ್ಲಿದ್ದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಎತ್ತಿ ಬ್ಯಾಂಕ್ ಖಾತೆಯಿಂದ ಹಣ ಎಳೆದಿದ್ದರು. ಸೈಟು ಬರೆಸಿಕೊಳ್ಳಲು ಸಬ್ ರಿಜಿಸ್ಟ್ರಾರ್ ಮುಂದೆ ಒತ್ತಿದ ಹೆಬ್ಬೆಟ್ಟು, ಮಾಲೀಕ ಮಲಗಿದ್ದಾಗ ಅವನ ಖಾತೆ ಬರಿದು ಮಾಡಿತು. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಮಾತು ಸಾಲಕ್ಕೆ ಹುಟ್ಟಿದ್ದು. ಸರ್ಕಾರಕ್ಕೂ ಪ್ರಜೆಗೂ ನಡುವೆ ಅದು ನಿಜವಾಗಕೂಡದು.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವುದು, ಮಾಹಿತಿ ಹೊರಬಿದ್ದರೆ ಬದುಕೇ ಮುಗಿದುಹೋಗುವವರ ಪಾಡು. ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದಲ್ಲಿ ‘ಧನಶ್ರೀ’ ಎಂಬ ಯೋಜನೆಯಿದೆ, ಎಚ್‌ಐವಿ ಸೋಂಕಿರುವ ಹೆಣ್ಣುಮಕ್ಕಳು ಸ್ವಂತ ಉದ್ಯೋಗ ಮಾಡಿಕೊಳ್ಳಲೆಂದು. ‘ಚೇತನ’ ಎಂಬುದಿದೆ, ಲೈಂಗಿಕ ಕಾರ್ಯಕರ್ತೆಯರಿಗೆಂದು. ಎರಡೂ ಮಾನವೀಯ ಯೋಜನೆಗಳು. ಈಗ ಯೋಚಿಸಿ. ಒಬ್ಬ ಹೆಣ್ಣುಮಗಳ ಹೆಸರಿನ ಮುಂದೆ ಯೋಜನೆಯ ಹೆಸರು ಬಿದ್ದರೆ ಸಾಕು, ಬೇರೆ ಏನೂ ಬರೆಯಬೇಕಿಲ್ಲ, ಅವಳ ಕಾಯಿಲೆ ಅಥವಾ ಕಸುಬು ಹೊರಗೆ ಬಿದ್ದ ಹಾಗೆ. ಒಂದು ಕುಟುಂಬ ಯಾವ ಯಾವ ಇಲಾಖೆಯಿಂದ ಏನೇನು ಪಡೆದಿದೆ ಎಂದು ಒಂದೇ ಪರದೆಯಲ್ಲಿ ತೋರಿಸುವ ಉತ್ಸಾಹದಲ್ಲಿ ಇಂಥ ಹೆಸರು ಯಾವುದೋ ಹಳ್ಳಿಯ ಸೇವಾ ಕೇಂದ್ರದ ಹುಡುಗನ ಕಣ್ಣಿಗೆ ಬಿದ್ದರೆ, ಅವಳ ಮಗಳ ಮದುವೆ ಮಾತು ಅವತ್ತೇ ಮುರಿಯುತ್ತದೆ. ಎಚ್‌ಐವಿ ಸೋಂಕಿತರ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದು 2017ರ ಕಾಯ್ದೆಯಡಿ ನಿಷಿದ್ಧ. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿದ ಆಶೋದಯ ಸಮಿತಿ ಎರಡು ದಶಕದಿಂದ ಕೆಲಸ ಮಾಡುತ್ತಿದೆ. ಯಾವ ವಿವರ ಯಾವ ಪರದೆಗೆ ಹೋಗಬಾರದು ಎಂದು ಅವರನ್ನು ಕೂರಿಸಿಕೊಂಡು ಕೇಳಿ. ಕಾನೂನಿನ ಪುಸ್ತಕದಲ್ಲಿಲ್ಲದ ತಿಳಿವಳಿಕೆ ಅವರಲ್ಲಿದೆ.

ಹೊಡೆತ ತಾಳದೆ ಗಂಡನ ಮನೆ ಬಿಟ್ಟು ಬಂದವಳ ವಿಷಯವೂ ಹೀಗೆಯೇ. ನಮ್ಮ ಏರ್ಪಾಡಿನಲ್ಲಿ ಮನೆಯೆಂದರೆ ರೇಷನ್ ಕಾರ್ಡು. ಅವಳ ಹೆಸರು ಇನ್ನೂ ಅವನ ಕಾರ್ಡಿನಲ್ಲಿದೆ. ಮಗುವನ್ನು ಹೊಸ ಊರಿನ ಶಾಲೆಗೆ ಸೇರಿಸಿದಾಗ, ಪಿಂಚಣಿಗೆ ಅರ್ಜಿ ಕೊಟ್ಟಾಗ ಹೊಸ ವಿಳಾಸ ದಾಖಲಾಗುತ್ತದೆ. ಆ ವಿಳಾಸ ‘ಕುಟುಂಬ’ದ ಹೆಸರಿನಲ್ಲಿ ತಿರುಗಿ ಹಳೆಯ ಕಾರ್ಡಿಗೆ ಅಂಟಿಕೊಂಡು ಅವನ ಕೈಗೆ ಸಿಕ್ಕಿದರೆ? ತಾಂತ್ರಿಕವಾಗಿ ಎಲ್ಲವೂ ಕ್ರಮಬದ್ಧವಾಗಿಯೇ ನಡೆದಿರುತ್ತದೆ. ಅವಳು ಮಾತ್ರ ಮತ್ತೆ ಓಡಬೇಕು. ಇಂಥ ಒಬ್ಬಳನ್ನು ನೆನೆದು ವ್ಯವಸ್ಥೆ ಕಟ್ಟಿದರೆ ಅದು ಎಲ್ಲರಿಗೂ ಸುರಕ್ಷಿತವಾಗಿರುತ್ತದೆ.

ಹಿಂದೆ ಊರಿಗೊಬ್ಬ ಶಾನುಭೋಗರಿದ್ದರು. ಯಾರ ಹೊಲ ಎಷ್ಟು, ಯಾರ ಮೇಲೆ ಸಾಲ ಎಷ್ಟು ಎಲ್ಲ ಅವರ ದಫ್ತರದಲ್ಲಿ. ಅನ್ಯಾಯ ಮಾಡಿದ ಶಾನುಭೋಗರೂ ಇದ್ದರು, ನಾನು ಆ ಕಾಲವನ್ನು ಹೊಗಳುತ್ತಿಲ್ಲ. ಆದರೆ ಲೆಕ್ಕ ತಪ್ಪಿದರೆ ರೈತ ಅವರ ಜಗುಲಿಗೆ ಹೋಗಿ ನಿಂತು ‘ಸ್ವಾಮಿ, ಇದು ಹೆಂಗೆ ಬರೆದ್ರಿ?’ ಎಂದು ಕೇಳಬಹುದಿತ್ತು. ಇವತ್ತಿನ ದಫ್ತರಕ್ಕೆ ಜಗುಲಿಯೇ ಇಲ್ಲ. ಆ ಜಗುಲಿಯನ್ನು ಕಟ್ಟಿಕೊಡಿ ಎಂಬುದೇ ನನ್ನ ಬೇಡಿಕೆ. ಎಸ್ಟೋನಿಯ ಎಂಬ ಪುಟ್ಟ ದೇಶದಲ್ಲಿ ಇಲಾಖೆಗಳ ದತ್ತಾಂಶವೆಲ್ಲ ‘ಎಕ್ಸ್-ರೋಡ್’ ಎಂಬ ವ್ಯವಸ್ಥೆಯಲ್ಲಿ ಒಂದಕ್ಕೊಂದು ಮಾತಾಡುತ್ತವೆ. ತನ್ನ ವಿವರವನ್ನು ಯಾವ ಕಚೇರಿ ಯಾವಾಗ ತೆರೆದು ನೋಡಿತು ಎಂಬುದನ್ನು ಅಲ್ಲಿನ ಪ್ರಜೆ ಮನೆಯಲ್ಲೇ ಕೂತು ನೋಡಬಹುದು. ನಮ್ಮಲ್ಲಿಯೂ ಆಧಾರ್ ಬಳಕೆಯ ಆರು ತಿಂಗಳ ವಿವರ ನಮಗೆ ನೋಡಸಿಗುತ್ತದೆ. ಅಂದ ಮೇಲೆ ‘ಕುಟುಂಬ’ದ ವಿವರವನ್ನು ಯಾರು ತೆರೆದರು ಎಂದು ನಮ್ಮ ಮೊಬೈಲಿಗೆ ಕನ್ನಡದಲ್ಲಿ ಒಂದು ಸಂದೇಶ ಕಳಿಸುವುದು ಬೆಂಗಳೂರು ಇರುವ ರಾಜ್ಯಕ್ಕೆ ಕಷ್ಟವಾಗಬಾರದು.

ಆದ್ದರಿಂದ ಅಧಿಕಾರಿಗಳೇ, ನಿಮ್ಮ ಇಲಾಖೆಯಿಂದ ಜನರ ವಿವರ ಇನ್ನೊಂದು ಇಲಾಖೆಗೆ ಹೋಗಬೇಕೆಂದರೆ ಕೋರಿಕೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಯಾವ ಕಾಯ್ದೆ, ಯಾವ ಕೆಲಸ, ಯಾವ ಯಾವ ಕಾಲಂ, ಎಷ್ಟು ದಿನದ ಮಟ್ಟಿಗೆ ಎಂದು ಅದರಲ್ಲಿರಲಿ. ಊರಿನ ಹೆಸರು ಸಾಕಾದ ಕಡೆ ಮನೆ ನಂಬರ್ ಕೊಡಬೇಡಿ, ಹೌದು ಅಥವಾ ಇಲ್ಲ ಸಾಕಾದ ಕಡೆ ಆದಾಯದ ಮೊತ್ತ ಕೊಡಬೇಡಿ. ಹಾಗೆ ಕೊಟ್ಟ ಮಾಹಿತಿಯಿಂದ ಯಾರದಾದರೂ ಸವಲತ್ತು ನಿಲ್ಲುವುದಾದರೆ, ನಿಲ್ಲುವ ಮೊದಲು ಆ ಮನೆಗೆ ಕನ್ನಡದಲ್ಲಿ ಒಂದು ಪತ್ರ ಹೋಗಲಿ: ನಿಮ್ಮ ಬಗ್ಗೆ ಈ ಇಲಾಖೆ ಹೀಗೆಂದಿದೆ, ತಪ್ಪಿದ್ದರೆ ಇಷ್ಟು ದಿನದೊಳಗೆ ಇಂಥವರಿಗೆ ತಿಳಿಸಿ. ಉತ್ತರ ಬರುವ ತನಕ ಅಕ್ಕಿ ನಿಲ್ಲದಿರಲಿ. ತಪ್ಪು ಮಾಹಿತಿ ಕಳಿಸಿದ ಇಲಾಖೆಯೇ ಅದನ್ನು ತಿದ್ದಿಕೊಡಲಿ. ಎರಡು ಇಲಾಖೆಯ ನಡುವಿನ ಅಲೆದಾಟ ಇಲಾಖೆಗಳದ್ದಾಗಲಿ. ಹೊರಗುತ್ತಿಗೆಯ ತಂಗಿಯರೇ, ತಮ್ಮಂದಿರೇ, ನಿಮ್ಮ ಕೆಲಸ ಎಷ್ಟು ಅಭದ್ರ ಎಂದು ಬಲ್ಲೆ. ಆದರೂ ಯಾರೋ ಮುಖಂಡರು ಫೋನು ಮಾಡಿ ಪಟ್ಟಿ ಕೇಳಿದಾಗ ‘ಸಾಹೇಬರ ಲಿಖಿತ ಆದೇಶ ಬೇಕು ಸಾರ್’ ಎನ್ನುವ ಮಾತು ನಿಮ್ಮನ್ನೂ ಕಾಯುತ್ತದೆ. ಲಲಿತಮಹಲ್ ರಸ್ತೆಯ ತರಬೇತಿ ಸಂಸ್ಥೆಯ ಗುರುಗಳೇ, ಪುಟ್ಟಸ್ವಾಮಿಯವರ ತೀರ್ಪನ್ನು ಸ್ಲೈಡಿನಲ್ಲಿ ತೋರಿಸಿದ ಮೇಲೆ ಪ್ರತಿ ತಂಡವನ್ನೂ ಒಂದು ದಿನ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಲ್ಲಿಸಿ.

ಜನರೇ, ನಾವೂ ಸುಮ್ಮನಿರಬಾರದು. ಸೇವಾ ಕೇಂದ್ರದಲ್ಲಿ ‘ಓಟಿಪಿ ಹೇಳಿ ಅಮ್ಮ’ ಎಂದಾಗ ಏತಕ್ಕೆ ಎಂದು ಕೇಳಿ. ಅದು ಎಷ್ಟೋ ಸಲ ನಿಮ್ಮ ಒಪ್ಪಿಗೆಯ ಸಹಿ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದು, 150 ಪದದೊಳಗಿನದ್ದು ಆಗಿರಬೇಕು; ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ; ಉತ್ತರಕ್ಕೆ ಗಡುವು 30 ದಿನ. ಬಿಳಿ ಹಾಳೆಯಲ್ಲಿ ಇಷ್ಟು ಬರೆದರೆ ಸಾಕು: ‘ನನ್ನ ಕುಟುಂಬದ ಪಡಿತರ ಚೀಟಿಯ ವಿವರಗಳನ್ನು ಕಳೆದ ಎರಡು ವರ್ಷಗಳಲ್ಲಿ ಯಾವ ಯಾವ ಇಲಾಖೆಗಳಿಗೆ, ಯಾವ ದಿನಾಂಕದಂದು, ಯಾವ ಆದೇಶದ ಮೇರೆಗೆ ನೀಡಲಾಗಿದೆ? ಆ ಆದೇಶಗಳ ಪ್ರತಿ ಕೊಡಿ.’ ಕಾರ್ಡ್ ನಂಬರ್ ಹಾಕಿ, ಸಹಿ ಮಾಡಿ ಅಥವಾ ಹೆಬ್ಬೆಟ್ಟು ಒತ್ತಿ, ಸಿದ್ಧಾರ್ಥನಗರದ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಬೀದಿಯಲ್ಲಿ ಓದು ಬರಹ ಬಾರದ ಹಿರಿಯರಿದ್ದರೆ ಅವರದ್ದನ್ನೂ ನೀವೇ ಬರೆದುಕೊಡಿ.